ಫಂಕ್ ಬ್ಯಾಂಡೊಂದರ ದನಿ ಬದಲಾದ ಬಗೆಯನ್ನು ಕೇಳಿ ತಿಳಿಯುವುದು ಹೇಗೆ

ಕೂಲ್ ಅಂಡ್ ದ ಗ್ಯಾಂಗ್ ಎಂಬ ಅಮೆರಿಕದ ಬ್ಯಾಂಡಿನ ಹೆಸರನ್ನು ಕೇಳದವರಿಗೂ ಅವರ ‘ಸೆಲೆಬ್ರೇಶನ್’ ಹಾಡು ಗೊತ್ತಿರುತ್ತದೆ. ಶಿವಮೊಗ್ಗದ ಕಲ್ಯಾಣ ಮಂಟಪದ ರಿಸೆಪ್ಶನ್ನಿನಲ್ಲೋ ಕಾಲೇಜಿನ ವಾರ್ಷಿಕೋತ್ಸವದಲ್ಲೋ ಅದು ಒಮ್ಮೆಯಾದರೂ ಕಿವಿಗೆ ಬಿದ್ದಿರುತ್ತದೆ. ಆದರೆ ಅದೇ ಬ್ಯಾಂಡು ಅದಕ್ಕೆ ಹತ್ತು ವರ್ಷ ಮೊದಲು ನುಡಿಸಿದ್ದನ್ನು ಅದರ ಬೆನ್ನಿಗೇ ಕೇಳಿಸಿದರೆ, ಇವೆರಡೂ ಒಂದೇ ಜನರ ಕೆಲಸವೆಂದು ಒಪ್ಪಿಕೊಳ್ಳಲು ಯಾರಿಗಾದರೂ ಸ್ವಲ್ಪ ಹೊತ್ತು ಬೇಕಾಗುತ್ತದೆ. 1964ರಲ್ಲಿ ಜಾಝ್ ನುಡಿಸುವ ಹುಡುಗರ ಗುಂಪಾಗಿ ಆರಂಭವಾದ ಈ ಬ್ಯಾಂಡು, 1973ರ ಹೊತ್ತಿಗೆ ಒರಟು ಫಂಕ್ (ರಾಗಕ್ಕಿಂತ ತಾಳವನ್ನೇ ಮುಂದಿಡುವ ಅಮೆರಿಕದ ನೃತ್ಯಸಂಗೀತ) ಬ್ಯಾಂಡಾಯಿತು, 1979ರಿಂದ ನಯವಾದ ನೃತ್ಯಗೀತೆಗಳತ್ತ ಹೊರಳಿತು, 1985ರಲ್ಲಿ ನಿಧಾನಗತಿಯ ಪ್ರೇಮಗೀತೆಯೊಂದರಿಂದ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಈ ದಾರಿಯನ್ನು ಓದಿ ತಿಳಿಯುವುದಕ್ಕಿಂತ ಕೇಳಿಯೇ ಹಿಡಿಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಅದಕ್ಕೆ ಪಾಶ್ಚಾತ್ಯ ಸಂಗೀತದ ತರಬೇತಿಯೇನೂ ಬೇಡ, ತಾಳ ಹಾಕಲು ಬಂದರೆ ಸಾಕು. ಯಕ್ಷಗಾನದ ಹಿಮ್ಮೇಳವನ್ನೂ ಡೊಳ್ಳನ್ನೂ ಕೇಳುತ್ತ ಬೆಳೆದ ಮಲೆನಾಡಿನವರಿಗೆ ಅದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬ್ಯಾಂಡಿನ ದನಿ ಬದಲಾಯಿತು ಎಂದರೆ ಕೇಳುಗರು ಸಾಮಾನ್ಯವಾಗಿ ಹೊಸದಾಗಿ ಏನು ಬಂತು ಎಂದು ಹುಡುಕುತ್ತಾರೆ. ಈ ಬ್ಯಾಂಡಿನ ಮಟ್ಟಿಗೆ ಆ ಪ್ರಶ್ನೆಯಿಂದ ಹೆಚ್ಚೇನೂ ಸಿಗುವುದಿಲ್ಲ. ಪ್ರತಿ ಧ್ವನಿಮುದ್ರಣದಲ್ಲೂ ಕೇಳಬೇಕಾದದ್ದು, ಮುಂದೆ ಯಾರು ನಿಂತಿದ್ದಾರೆ ಮತ್ತು ಹಿಂದಕ್ಕೆ ಯಾರು ಸರಿದಿದ್ದಾರೆ ಎಂಬುದನ್ನು. ಅದೇ ಬಾಸ್ (ಕೆಳಸ್ವರಗಳ ಗಿಟಾರು), ಅದೇ ಗಿಟಾರು, ಅದೇ ಸ್ಯಾಕ್ಸೋಫೋನು ಹೆಚ್ಚುಕಡಿಮೆ ಅದೇ ಕೈಗಳಲ್ಲಿ ಇಪ್ಪತ್ತು ವರ್ಷ ಇದ್ದವು. ಬದಲಾದದ್ದು ಅವುಗಳ ಜಾಗ.

ಯಾವ ಮುದ್ರಣಗಳನ್ನು ಆರಿಸಿಕೊಳ್ಳಬೇಕು

ಎಲ್ಲ ಆಲ್ಬಮ್‌ಗಳನ್ನೂ ಕೇಳುವ ಅಗತ್ಯವಿಲ್ಲ, ಹಾಗೆ ಹೊರಟರೆ ನಡುವೆಯೇ ಬೇಸರ ಬರುತ್ತದೆ. 1971ರ ‘ಲೈವ್ ಅಟ್ ಪಿಜೇಸ್’, 1973ರ ‘ವೈಲ್ಡ್ ಅಂಡ್ ಪೀಸ್‌ಫುಲ್’, 1974ರ ‘ಲೈಟ್ ಆಫ್ ವರ್ಲ್ಡ್ಸ್’, 1976ರ ‘ಓಪನ್ ಸೆಸಮಿ’, 1979ರ ‘ಲೇಡೀಸ್ ನೈಟ್’, 1980ರ ‘ಸೆಲೆಬ್ರೇಟ್!’, 1981ರ ‘ಸಮ್‌ಥಿಂಗ್ ಸ್ಪೆಷಲ್’, 1984ರ ‘ಎಮರ್ಜೆನ್ಸಿ’ ಇಷ್ಟಿದ್ದರೆ ಸಾಕು. ಇವುಗಳಲ್ಲಿಯೂ ಪೂರ್ತಿಯಾಗಿ, ಮೊದಲಿನಿಂದ ಕೊನೆಯವರೆಗೆ ಕೇಳಲೇಬೇಕಾದವು 1973 ಮತ್ತು 1979ರವು. ಉಳಿದವುಗಳಿಂದ ಒಂದೆರಡು ಹಾಡು ಆರಿಸಿಕೊಂಡರೂ ನಡೆಯುತ್ತದೆ.

ಮೊಬೈಲ್ ಆ್ಯಪುಗಳಲ್ಲಿ ಹುಡುಕುವಾಗ ಇಸವಿಯ ವಿಷಯದಲ್ಲಿ ಎಚ್ಚರವಿರಲಿ. ಹಳೆಯ ಆಲ್ಬಮ್‌ಗಳ ಮರುಬಿಡುಗಡೆಯ ವರ್ಷವನ್ನೇ ಮೂಲದ ವರ್ಷವೆಂಬಂತೆ ಅಲ್ಲಿ ತೋರಿಸುವುದುಂಟು, ಸಂಕಲನಗಳಲ್ಲಂತೂ 1973ರ ಹಾಡೂ 1984ರ ಹಾಡೂ ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಬ್ಯಾಂಡು ತನ್ನ ಹಳೆಯ ಹಾಡುಗಳನ್ನು ಮುಂದೆ ಮತ್ತೆ ಮುದ್ರಿಸಿದ್ದೂ ಇದೆ. ಅಂಥದ್ದೊಂದು ಕೈಗೆ ಸಿಕ್ಕಿದರೆ 1973ರ ದನಿಯೆಂದು ನೀವು ಬರೆದುಕೊಂಡದ್ದೆಲ್ಲ ಸುಳ್ಳಾಗುತ್ತದೆ. ಆದ್ದರಿಂದ ಹಾಡಿನ ಹೆಸರಿನಿಂದ ಹುಡುಕದೆ ಆಲ್ಬಮ್ಮಿನ ಹೆಸರಿನಿಂದ ಹುಡುಕಿ, ಹಾಡುಗಳ ಅನುಕ್ರಮವನ್ನು ನೋಡಿ ಖಚಿತಪಡಿಸಿಕೊಳ್ಳಿ. ತೀರ್ಥಹಳ್ಳಿ, ಹೊಸನಗರ, ಆಗುಂಬೆಯ ಕಡೆಯವರು ಪೇಟೆಗೆ ಬಂದಾಗಲೇ ಎಲ್ಲವನ್ನೂ ಡೌನ್‌ಲೋಡ್ ಮಾಡಿಕೊಂಡು ಹೋಗುವುದು ಕ್ಷೇಮ. ಗುಡ್ಡದ ಮರೆಯ ಮನೆಯಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿದ್ದರೆ ಹಾಡಿನ ಗುಣಮಟ್ಟ ತಾನಾಗಿಯೇ ಇಳಿಯುತ್ತದೆ, ಅದು ಇಳಿದದ್ದು ನಮ್ಮ ಗಮನಕ್ಕೂ ಬರುವುದಿಲ್ಲ.

ಜಾಗ ಮತ್ತು ಸಲಕರಣೆ

ಬಾಸ್ ಗಿಟಾರಿನ ಅತಿ ಕೆಳಗಿನ ತಂತಿಯ ಸ್ವರ ಸೆಕೆಂಡಿಗೆ ಸುಮಾರು 41 ಕಂಪನದ್ದು. ಮೊಬೈಲಿನ ಪುಟ್ಟ ಸ್ಪೀಕರು ಅದರ ಹತ್ತಿರಕ್ಕೂ ಬರುವುದಿಲ್ಲ, ಅಗ್ಗದ ಬ್ಲೂಟೂತ್ ಸ್ಪೀಕರುಗಳೂ ಅಲ್ಲಿಗೆ ಇಳಿಯುವುದಿಲ್ಲ. ಫಂಕ್ ಸಂಗೀತದಲ್ಲಿ ಬಾಸ್ ಕೇಳಿಸಲಿಲ್ಲವೆಂದರೆ ಮದ್ದಳೆಯಿಲ್ಲದ ಪ್ರಸಂಗ ನೋಡಿದಂತೆಯೇ ಸರಿ. ತಂತಿಯಿರುವ ಸಾಧಾರಣ ಇಯರ್‌ಫೋನು ಕೂಡ ಈ ಕೆಲಸಕ್ಕೆ ಅಂಥ ಸ್ಪೀಕರಿಗಿಂತ ವಾಸಿ. ನಾಲ್ಕು ಜನ ಕೂಡಿ ಕೇಳುವುದಾದರೆ ಹಳೆಯ ಮ್ಯೂಸಿಕ್ ಸಿಸ್ಟಮ್ಮಿನ ಒಂದು ಜೊತೆ ಪೆಟ್ಟಿಗೆಗಳನ್ನು ಹೊರತೆಗೆದು ಗೋಡೆಯ ಮೂಲೆಗೆ ಸರಿಸಿಡಿ, ಮೂಲೆಯಲ್ಲಿ ಕೆಳಸ್ವರಗಳು ತುಂಬಿಕೊಳ್ಳುತ್ತವೆ. ಮರದ ಬೆಂಚಿನ ಮೇಲೆ ಮಾತ್ರ ಇಡಬೇಡಿ. ಬೆಂಚು ತಾನೇ ಗುಂಯ್‌ಗುಡಲು ತೊಡಗುತ್ತದೆ, ಆಮೇಲೆ ಎಲ್ಲ ಹಾಡುಗಳಲ್ಲೂ ಬಾಸ್ ಒಂದೇ ಬಗೆಯಾಗಿ ಕೇಳಿಸುತ್ತದೆ. ಪೆಟ್ಟಿಗೆಯ ಪಕ್ಕಕ್ಕೆ ಅಂಗೈಯನ್ನು ಒತ್ತಿ ಹಿಡಿದು ನೋಡಿ, ಸ್ವರ ಬದಲಾದಂತೆ ಅದುರುವಿಕೆಯೂ ಬದಲಾಗುತ್ತಿದ್ದರೆ ಪೆಟ್ಟಿಗೆ ಸರಿಯಿದೆಯೆಂದು ಅರ್ಥ.

ಮಳೆಗಾಲ ಈ ಕೆಲಸಕ್ಕೆ ಹೇಳಿಸಿದ್ದಲ್ಲ. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಹಿಡಿದುಕೊಂಡರೆ ಮೊದಲು ಮುಳುಗುವುದು ಡ್ರಮ್ಮಿನ ಹೈ-ಹ್ಯಾಟ್ ತಟ್ಟೆಗಳ ಸಣ್ಣ ಸದ್ದು ಮತ್ತು ಗಿಟಾರಿನ ಕೆರೆತ. ನಾವು ಹುಡುಕುವ ಬಹುಪಾಲು ಸಂಗತಿಗಳು ಇರುವುದು ಅಲ್ಲಿಯೇ. ಹೆಂಚಿನ ಮಾಡು, ಅದರ ಕೆಳಗೆ ಮರದ ಮುಚ್ಚಿಗೆ ಇರುವ ಹಳೆಯ ಮನೆಗಳಲ್ಲಿ ಅಷ್ಟು ತೊಂದರೆಯಿಲ್ಲ. ನನ್ನನ್ನು ಕೇಳಿದರೆ ಕೊನೆಕೊಯ್ಲಿನ ನಂತರದ ದಿನಗಳೇ ಸರಿ. ಅಡಿಕೆ ಸುಲಿಯಲು ಕುಳಿತವರ ಕೈ ಮೆಟ್ಟುಗತ್ತಿಯಲ್ಲಿ ತೊಡಗಿಕೊಂಡಿರುತ್ತದೆ, ಕಿವಿ ಖಾಲಿಯಿರುತ್ತದೆ, ರಾತ್ರಿ ಉದ್ದವಿರುತ್ತದೆ. ಭದ್ರಾವತಿ ಆಕಾಶವಾಣಿಯನ್ನು ಹೀಗೆಯೇ ಕೇಳಿ ಸಂಗೀತದ ರುಚಿ ಬೆಳೆಸಿಕೊಂಡ ಮನೆಗಳು ಈ ಕಡೆ ಬೇಕಾದಷ್ಟಿವೆ. ಆದರೆ ಬರೆದುಕೊಳ್ಳಬೇಕಾದ ಸರದಿ ಬಂದಾಗ ಸುಲಿತದಿಂದ ಎದ್ದು ಬರಲೇಬೇಕು.

ತಕದಿಮಿಯಿಂದ ಎಣಿಕೆ

ಫಂಕ್ ಸಂಗೀತದ ಒಂದು ಆವರ್ತಕ್ಕೆ ನಾಲ್ಕು ಎಣಿಕೆ, ಒಂದೊಂದು ಎಣಿಕೆಗೂ ನಾಲ್ಕು ಅಕ್ಷರ, ಒಟ್ಟು ಹದಿನಾರು. ‘ತಕದಿಮಿ’ ಎಂದು ನಾಲ್ಕು ಸಲ ಹೇಳಿ, ಪ್ರತಿ ‘ತ’ಕ್ಕೂ ಒಂದೊಂದು ಚಪ್ಪಾಳೆ ಹಾಕಿದರೆ ಆವರ್ತವೊಂದು ಮುಗಿಯುತ್ತದೆ. ಮೊದಲನೆಯ ತಕದಿಮಿಯ ‘ತ’ ಇದೆಯಲ್ಲ, ಅದೇ ಈ ಸಂಗೀತದ ಸಮ. ಫಂಕ್‌ಗೆ ಮೊದಲಿನ, ಅಮೆರಿಕದ ಕಪ್ಪುಜನರ ಸೋಲ್ ಸಂಗೀತದಲ್ಲಿ ಒತ್ತು ಹೆಚ್ಚಾಗಿ ಎರಡನೆಯ ಮತ್ತು ನಾಲ್ಕನೆಯ ಚಪ್ಪಾಳೆಗೆ ಬೀಳುತ್ತಿತ್ತು. 1960ರ ದಶಕದ ನಡುವಿನಿಂದ ಗಾಯಕ ಜೇಮ್ಸ್ ಬ್ರೌನ್ ತಮ್ಮ ಬ್ಯಾಂಡಿನವರಿಗೆ ಮೊದಲ ಎಣಿಕೆಯ ಮೇಲೆ ಭಾರ ಹಾಕಲು ಕಲಿಸಿದರು. ಫಂಕ್ ಎಂಬ ಬಗೆ ಗಟ್ಟಿಯಾದದ್ದು ಈ ಒತ್ತಿನ ಸುತ್ತಲೇ. ಎರಡು ಮತ್ತು ನಾಲ್ಕರಲ್ಲಿ ಕೋಲಿನಿಂದ ಬಾರಿಸುವ ಸ್ನೇರ್ ಡ್ರಮ್ಮಿನ ಏಟು ಹಾಗೆಯೇ ಉಳಿಯಿತು, ಆದರೆ ಬಾಸ್ ಮತ್ತು ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮು ಎರಡೂ ಸಮದ ಮೇಲೆ ಒಟ್ಟಿಗೆ ಬಂದು ಕುಳಿತವು.

ಸಮ ಗಟ್ಟಿಯಾದ ಮೇಲೆ ಉಳಿದ ಹದಿನೈದು ಅಕ್ಷರಗಳಲ್ಲಿ ಎಲ್ಲಿ ಬೇಕಾದರೂ ಆಡಬಹುದು, ಎಲ್ಲಿ ಬೇಕಾದರೂ ಬಿಡಬಹುದು. ಗಿಟಾರು ‘ಕ’ ಮತ್ತು ‘ಮಿ’ಗಳಲ್ಲಿ ಕೆರೆಯುತ್ತದೆ, ಊದುವ ವಾದ್ಯಗಳು ಒಮ್ಮೊಮ್ಮೆ ಸಮಕ್ಕೆ ಒಂದಕ್ಷರ ಮೊದಲೇ ಎತ್ತಿಕೊಳ್ಳುತ್ತವೆ. ಅತೀತ, ಅನಾಗತ ಎಂದು ಕರ್ನಾಟಕ ಸಂಗೀತದವರು ಹೇಳುವ ಎತ್ತುಗಡೆಗಳನ್ನು ಬಲ್ಲವರಿಗೆ ಇದು ತಟ್ಟನೆ ಹೊಳೆಯುತ್ತದೆ. ಸಾಗರದ ಕಡೆಯ ಮದ್ದಳೆಗಾರರೊಬ್ಬರಿಗೆ 1973ರ ಆಲ್ಬಮ್ಮನ್ನು ಕೇಳಿಸಿದಾಗ, ಅವರು ಸ್ವಲ್ಪ ಹೊತ್ತು ತೊಡೆಯ ಮೇಲೆ ತಾಳ ಹಾಕಿ, “ಇವ್ರು ಬಾರ್ಸಿದ್ದಕ್ಕಿಂತ ಬಿಟ್ಟಿದ್ದೇ ಜಾಸ್ತಿ ಮಾರಾಯ್ರೆ” ಎಂದರು. ಫಂಕ್ ಬಗ್ಗೆ ನಾನು ಕೇಳಿದ ವಿವರಣೆಗಳಲ್ಲಿ ಇದಕ್ಕಿಂತ ಚುರುಕಾದದ್ದು ಇನ್ನೊಂದಿಲ್ಲ.

ಹಾಡೊಂದನ್ನು ಕೇಳುವ ಕ್ರಮ ಹೀಗಿರಲಿ. ಮೊದಲ ಸಲ ತಕದಿಮಿಯನ್ನಷ್ಟೇ ಹೇಳುತ್ತ ಸಮವನ್ನು ಹಿಡಿಯಿರಿ. ಆಮೇಲೆ ಹಾಡನ್ನು ಮತ್ತೆ ಮೊದಲಿನಿಂದ ಹಾಕಿ ಬಾಸ್ ಒಂದನ್ನೇ ಹಿಂಬಾಲಿಸಿ, ಅದರ ನಂತರ ಗಿಟಾರು, ಅದರ ನಂತರ ಊದುವ ವಾದ್ಯಗಳು. ಗಾಯನವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಗಾಯನ ಒಮ್ಮೆ ಕಿವಿಯಲ್ಲಿ ಕುಳಿತರೆ ಉಳಿದದ್ದು ಕೇಳಿಸುವುದಿಲ್ಲ, ಅದರಲ್ಲೂ ಸುಗಮ ಸಂಗೀತದಲ್ಲಿ ಸಾಹಿತ್ಯಕ್ಕೆ ಕಿವಿಗೊಟ್ಟು ರೂಢಿಯಾದ ನಮಗೆ ಈ ಅಪಾಯ ಹೆಚ್ಚು. ನೋಟ್‌ಬುಕ್ಕಿನಲ್ಲಿ ಇಸವಿ, ಮುಂದೆ ಇರುವವರು, ಊದುವ ವಾದ್ಯಗಳ ಕೆಲಸ, ಬಾಸ್, ಗುಂಪಿನ ಕೂಗು ಎಂದು ಐದು ಕಲಮು ಎಳೆದುಕೊಳ್ಳಿ. ‘ಚೆನ್ನಾಗಿದೆ’ ಎಂದು ಬರೆಯಲು ಕಲಮು ಬೇಡ.

ಆರಂಭದಿಂದ 1974ರವರೆಗೆ

ರಾಬರ್ಟ್ ಬೆಲ್ ಮತ್ತು ರೊನಾಲ್ಡ್ ಬೆಲ್ ಅಣ್ಣತಮ್ಮಂದಿರು ಹುಟ್ಟಿದ್ದು ಓಹಾಯೋದ ಯಂಗ್ಸ್‌ಟೌನಿನಲ್ಲಿ, ಬ್ಯಾಂಡು ಕಟ್ಟಿದ್ದು ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿ. ತಂದೆ ಬಾಕ್ಸರ್, ಜಾಝ್ ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಅವರಿಗೆ ಪರಿಚಿತರು. ಅಣ್ಣನ ಕೈಯಲ್ಲಿ ಬಾಸ್, ತಮ್ಮನ ಕೈಯಲ್ಲಿ ಟೆನರ್ ಸ್ಯಾಕ್ಸೋಫೋನ್. ಜೊತೆಗೆ ಆಲ್ಟೋ ಸ್ಯಾಕ್ಸೋಫೋನಿಗೆ ಡೆನಿಸ್ ಥಾಮಸ್, ಟ್ರಂಪೆಟ್ಟಿಗೆ ರಾಬರ್ಟ್ ಮಿಕೆನ್ಸ್, ಡ್ರಮ್ಮಿಗೆ ಜಾರ್ಜ್ ಬ್ರೌನ್, ಗಿಟಾರಿಗೆ ಚಾರ್ಲ್ಸ್ ಸ್ಮಿತ್, ಕೀಬೋರ್ಡಿಗೆ ರಿಕಿ ವೆಸ್ಟ್. ಮೊದಲ ಹೆಸರು ಜಾಝಿಯಾಕ್ಸ್. ಮುಂದೆ ಕೂಲ್ ಅಂಡ್ ದ ಫ್ಲೇಮ್ಸ್ ಎಂದಾಗಿದ್ದ ಹೆಸರು ಜೇಮ್ಸ್ ಬ್ರೌನರ ಫೇಮಸ್ ಫ್ಲೇಮ್ಸ್ ಜೊತೆ ಗೊಂದಲವಾಗಬಾರದೆಂದು 1969ರಲ್ಲಿ ಈಗಿನ ರೂಪಕ್ಕೆ ಬಂತು. ಡಿ-ಲೈಟ್ ಎಂಬ ಸಣ್ಣ ರೆಕಾರ್ಡ್ ಕಂಪನಿ ಅವರನ್ನು ಸೇರಿಸಿಕೊಂಡಿತು.

ಈ ಹಂತದಲ್ಲಿ ‘ಮುಂದೆ ಯಾರು’ ಎಂಬ ಕಲಮಿಗೆ ಉತ್ತರ ಸುಲಭ, ಊದುವ ವಾದ್ಯಗಳು. ಗಾಯಕನೆಂದು ಹೇಳಬಹುದಾದವರು ಯಾರೂ ಇಲ್ಲ. ಆರಂಭದ ಆಲ್ಬಮ್‌ಗಳು ಬಹುಪಾಲು ವಾದ್ಯಸಂಗೀತ, ನಡುನಡುವೆ ಗುಂಪಿನ ಕೂಗು. ಲಾಸ್ ಏಂಜಲೀಸಿನ ಕ್ಲಬ್ಬೊಂದರಲ್ಲಿ ಮುದ್ರಿಸಿದ ‘ಲೈವ್ ಅಟ್ ಪಿಜೇಸ್’ ಕೇಳಿದರೆ ಇವರು ಜಾಝ್ ಮನೆಯವರೆಂಬುದು ಬೇಗ ತಿಳಿಯುತ್ತದೆ. ಸ್ಯಾಕ್ಸೋಫೋನು ಒಂದು ರಾಗಖಂಡವನ್ನು ಎತ್ತಿಕೊಂಡು ತನ್ನ ಪಾಡಿಗೆ ವಿಸ್ತರಿಸುತ್ತ ಹೋಗುತ್ತದೆ, ಕೆಳಗೆ ಬಾಸ್ ಮತ್ತು ಡ್ರಮ್ಮು ಒಂದೇ ನಡೆಯನ್ನು ಬಿಡದೆ ಹಿಡಿದಿರುತ್ತವೆ. ಕದ್ರಿ ಗೋಪಾಲನಾಥರಿಂದಾಗಿ ಆಲ್ಟೋ ಸ್ಯಾಕ್ಸೋಫೋನಿನ ದನಿ ನಮಗೆ ಅಪರಿಚಿತವಲ್ಲ, ಮದುವೆಯ ಮನೆಗಳಲ್ಲಿ ನಾದಸ್ವರದ ಜಾಗದಲ್ಲಿ ಈಗ ಅದನ್ನೇ ಕೇಳುತ್ತೇವೆ. ಆ ಪರಿಚಯವನ್ನು ಇಲ್ಲಿ ಬಳಸಿಕೊಳ್ಳಿ. ಮೂಗಿನಿಂದ ಬಂದಂತಿರುವ ಚೂಪಾದ ದನಿ ಥಾಮಸ್ ಅವರ ಆಲ್ಟೋ, ಅದಕ್ಕಿಂತ ತಗ್ಗಿನ, ಅಗಲವಾದ ದನಿ ರೊನಾಲ್ಡ್ ಬೆಲ್ ಅವರ ಟೆನರ್.

1973ಕ್ಕೆ ಬಂದಾಗ ನಿಧಾನಿಸಬೇಕು. ಕ್ಯಾಮರೂನಿನ ಮನು ಡಿಬಾಂಗೋ ಅವರ ‘ಸೋಲ್ ಮಕೋಸಾ’ ಆಗ ಕ್ಲಬ್ಬುಗಳಲ್ಲಿ ಜೋರಾಗಿ ಓಡುತ್ತಿತ್ತು, ಅದನ್ನೇ ನೀವೂ ನುಡಿಸಿ ಎಂದು ಕಂಪನಿಯವರು ಸೂಚಿಸಿದರಂತೆ. ಬ್ಯಾಂಡಿನವರು ಅದನ್ನು ಒಪ್ಪದೆ ತಾಲೀಮಿನ ಕೋಣೆಗೆ ಹೋಗಿ ತಮ್ಮದೇ ಆದ ‘ಫಂಕಿ ಸ್ಟಫ್’, ‘ಜಂಗಲ್ ಬೂಗಿ’, ‘ಹಾಲಿವುಡ್ ಸ್ವಿಂಗಿಂಗ್’ ಎಂಬ ಮೂರು ಹಾಡುಗಳನ್ನು ಹೊಂದಿಸಿಕೊಂಡು ಬಂದರು. ಮೂರೂ ‘ವೈಲ್ಡ್ ಅಂಡ್ ಪೀಸ್‌ಫುಲ್’ನಲ್ಲಿವೆ. ಎರಡನೆಯದು 1974ರಲ್ಲಿ ಅಮೆರಿಕದ ಮುಖ್ಯ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೂ, ಮೂರನೆಯದು ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್, ಅಂದರೆ ಕಪ್ಪುಜನರ ಜನಪ್ರಿಯ ಸಂಗೀತ) ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಏರಿದವು.

‘ಜಂಗಲ್ ಬೂಗಿ’ಯನ್ನು ಹತ್ತಿರದಿಂದ ಕೇಳೋಣ. ಸ್ಮಿತ್ ಅವರ ಗಿಟಾರಿನಲ್ಲಿ ಎಡಗೈ ತಂತಿಗಳನ್ನು ಪೂರ್ತಿ ಒತ್ತದೆ ಮೇಲಿಂದ ಮುಟ್ಟಿ ಹಿಡಿದಿರುತ್ತದೆ, ಆದ್ದರಿಂದ ಬಲಗೈಯ ಪ್ರತಿ ಹೊಡೆತವೂ ಸ್ವರವಾಗದೆ ಚಕ್‌ಚಕ್ ಎಂಬ ಕೆರೆತವಾಗುತ್ತದೆ. ಊದುವ ವಾದ್ಯಗಳು ದೀರ್ಘವಾಗಿ ನುಡಿಯುವುದನ್ನು ಬಿಟ್ಟು ತುಂಡು ತುಂಡಾಗಿ, ಒಂದೇ ಉಸಿರಿನ ಏಟುಗಳಾಗಿ ಬರುತ್ತವೆ. ಗಂಟಲು ಕೆರೆದುಕೊಂಡು ಗುರುಗುಟ್ಟುವ ಆ ಮುಖ್ಯ ದನಿ ಬ್ಯಾಂಡಿನ ವಾದಕರದ್ದಲ್ಲ, ಅವರ ಸಾಮಾನು ಸರಂಜಾಮು ನೋಡಿಕೊಳ್ಳುತ್ತಿದ್ದ ಡಾನ್ ಬಾಯ್ಸ್ ಎಂಬವರದು. ಈ ಒಂದು ಸಂಗತಿಯಲ್ಲಿ 1973ರ ಬ್ಯಾಂಡಿನ ಇಡೀ ಕ್ರಮ ಅಡಗಿದೆ. ಮನುಷ್ಯಕಂಠವೂ ಅವರಿಗೆ ತಾಳದ ಇನ್ನೊಂದು ವಾದ್ಯವಾಗಿತ್ತು, ಹದವಾದ ದನಿಯಿದ್ದವರು ಯಾರು ಸಿಕ್ಕಿದರೂ ನಡೆಯುತ್ತಿತ್ತು. ‘ಹಾಲಿವುಡ್ ಸ್ವಿಂಗಿಂಗ್’ನಲ್ಲಿ ಹಾಡಿದವರೂ ಕೀಬೋರ್ಡಿನ ರಿಕಿ ವೆಸ್ಟ್ ಅವರೇ. ನೋಟ್‌ಬುಕ್ಕಿನ ‘ಗುಂಪಿನ ಕೂಗು’ ಕಲಮಿನಲ್ಲಿ ಈ ಎರಡು ಹಾಡುಗಳ ವಿವರವನ್ನು ವಿಸ್ತಾರವಾಗಿ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮರುವರ್ಷದ ‘ಲೈಟ್ ಆಫ್ ವರ್ಲ್ಡ್ಸ್’ನಲ್ಲಿರುವ ‘ಸಮರ್ ಮ್ಯಾಡ್ನೆಸ್’ ಇದಕ್ಕೆ ತದ್ವಿರುದ್ಧ. ಎಲೆಕ್ಟ್ರಿಕ್ ಪಿಯಾನೋ ಮೆಲ್ಲಗೆ ಸ್ವರಗುಚ್ಛಗಳನ್ನು ಇಳಿಬಿಡುತ್ತದೆ, ಸ್ಮಿತ್ ಕೆರೆತವನ್ನು ಬಿಟ್ಟು ಜಾಝ್ ಬಗೆಯಲ್ಲಿ ಒಂದೊಂದೇ ಸ್ವರ ಮೀಟುತ್ತಾರೆ, ಆರ್ಪ್ ಕಂಪನಿಯ ಸಿಂಥಸೈಸರಿನ ಒಂದು ಸ್ವರ ಎಲ್ಲಿಯೂ ಕಡಿಯದೆ ಮೇಲಕ್ಕೆ ಜಾರುತ್ತ ಹೋಗುತ್ತದೆ. ಕರ್ನಾಟಕ ಸಂಗೀತದ ಜಾರು ಗಮಕವನ್ನು ಯಂತ್ರ ಮಾಡಿದರೆ ಹೀಗಿರುತ್ತದೆ. ಬೆಲ್ ಸೋದರರ ಜಾಝ್ ಎಲ್ಲಿಗೂ ಹೋಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಇವರ ಮುದ್ರಣಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ.

ನಡುವಿನ ವರ್ಷಗಳು

1976ರಿಂದ 1978ರವರೆಗಿನ ಆಲ್ಬಮ್‌ಗಳಲ್ಲಿ ಹೆಚ್ಚು ಹೊತ್ತು ಕಳೆಯುವುದು ಬೇಡ. ಡಿಸ್ಕೊ ಆಗ ಎಲ್ಲವನ್ನೂ ಆವರಿಸಿಕೊಂಡಿತ್ತು. ಡಿಸ್ಕೊದಲ್ಲಿ ಕಿಕ್ ಡ್ರಮ್ಮು ನಾಲ್ಕೂ ಎಣಿಕೆಗೆ ಸಮನಾದ ಭಾರದಲ್ಲಿ ಬೀಳುತ್ತದೆ, ಹಾಗಾಗಿ ಫಂಕ್‌ನ ಸಮಕ್ಕೆ ವಿಶೇಷ ಮರ್ಯಾದೆ ಉಳಿಯುವುದಿಲ್ಲ. ‘ಓಪನ್ ಸೆಸಮಿ’ ಹಾಡನ್ನು ಹಾಕಿ ತಕದಿಮಿ ಹೇಳುತ್ತ ಕೇಳಿದರೆ ಬ್ಯಾಂಡು ಈ ಎರಡು ಕ್ರಮಗಳ ನಡುವೆ ತೂಗಾಡುತ್ತಿರುವುದು ಗೊತ್ತಾಗುತ್ತದೆ. ಆ ಹಾಡು 1977ರ ‘ಸ್ಯಾಟರ್ಡೇ ನೈಟ್ ಫೀವರ್’ ಚಿತ್ರದ ಆಲ್ಬಮ್ಮಿನಲ್ಲಿ ಸೇರಿತು, ಆ ಆಲ್ಬಮ್ಮಿಗೆ ಬಂದ ಗ್ರ್ಯಾಮಿ ಪ್ರಶಸ್ತಿಯಲ್ಲಿ ಇವರಿಗೂ ಪಾಲು ಸಿಕ್ಕಿತು. ಆದರೆ ಅವರದೇ ಹೊಸ ಆಲ್ಬಮ್‌ಗಳ ಮಾರಾಟ ಇಳಿಯುತ್ತಲೇ ಇತ್ತು.

1979: ಗಾಯಕ ಬಂದ ಮೇಲೆ

ನಿಮಗೊಬ್ಬ ಮುಖ್ಯ ಗಾಯಕ ಬೇಕು ಎಂದು ಸೋಲಾರ್ ರೆಕಾರ್ಡ್ಸ್‌ನ ಡಿಕ್ ಗ್ರಿಫಿ ಅವರು ಸಲಹೆ ಕೊಟ್ಟರೆಂದು ಬ್ಯಾಂಡಿನವರೇ ಹೇಳಿಕೊಂಡಿದ್ದಾರೆ. ಹಾಗೆ ಬಂದವರು ಜೇಮ್ಸ್ ಜೆ.ಟಿ. ಟೇಲರ್. ಅದೇ ಸುಮಾರಿಗೆ ನಿರ್ಮಾಪಕರಾಗಿ ಯೂಮಿರ್ ಡಿಯೊಡಾಟೊ ಬಂದರು. ಬ್ರೆಜಿಲ್ ಮೂಲದ ಇವರು ಬೊಸ್ಸಾ ನೋವಾ ಎಂಬ ಅಲ್ಲಿನ ಮೆಲುದನಿಯ ಸಂಗೀತವನ್ನೂ ಜಾಝನ್ನೂ ಬಲ್ಲ ವಾದ್ಯಸಂಯೋಜಕರು, ರಿಚರ್ಡ್ ಸ್ಟ್ರಾಸ್‌ನ ಶಾಸ್ತ್ರೀಯ ಕೃತಿಯೊಂದನ್ನು ಫಂಕ್ ನಡೆಗೆ ಹೊಂದಿಸಿ 1973ರಲ್ಲಿ ಹೆಸರು ಮಾಡಿದ್ದರು. 1979ರಿಂದ 1982ರವರೆಗೆ ನಾಲ್ಕು ಆಲ್ಬಮ್ ಅವರ ಕೈಯಲ್ಲಿ ತಯಾರಾದವು.

ಕಾಲವನ್ನೂ ಗಮನಿಸಬೇಕು. 1979ರ ಜುಲೈ 12ರಂದು ಶಿಕಾಗೋದ ಕೊಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ಡಿಸ್ಕೊ ರೆಕಾರ್ಡುಗಳ ರಾಶಿ ಹಾಕಿ ಸಿಡಿಸಿದರು, ಡಿಸ್ಕೊ ಮುಗಿಯಿತೆಂದು ಪತ್ರಿಕೆಗಳು ಬರೆದವು. ಅದೇ ವರ್ಷ ಬಂದ ‘ಲೇಡೀಸ್ ನೈಟ್’ ನೃತ್ಯದ ಆಲ್ಬಮ್ಮೇ ಆಗಿದ್ದರೂ ಗೆದ್ದಿತು. ಅದು ಯಾಕೆ ಗೆದ್ದಿತೆಂಬುದಕ್ಕೆ ಉತ್ತರವನ್ನು ಮುದ್ರಣದೊಳಗೇ ಹುಡುಕಬಹುದು. ಮೊದಲು ಶೀರ್ಷಿಕೆಯ ಹಾಡಿನ ಬಾಸನ್ನು ಹಿಂಬಾಲಿಸಿ. 1973ರಲ್ಲಿ ಅಕ್ಷರಗಳ ನಡುವೆ ಓಡಾಡಿಕೊಂಡಿದ್ದ ಬಾಸ್ ಇಲ್ಲಿ ಅಚ್ಚುಕಟ್ಟಾಗಿ, ಕಡಿಮೆ ಸ್ವರಗಳಲ್ಲಿ ನಡೆಯುತ್ತದೆ. ಗಿಟಾರಿನ ಕೆರೆತ ಉಳಿದಿದೆ, ಆದರೆ ತೆಳುವಾಗಿ ಒಂದು ಬದಿಗೆ ಸರಿದಿದೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಊದುವ ವಾದ್ಯಗಳದ್ದು. ಟೇಲರ್ ಹಾಡುವಷ್ಟು ಹೊತ್ತೂ ಅವು ಸುಮ್ಮನಿರುತ್ತವೆ, ಸಾಲು ಮುಗಿದ ಕೂಡಲೇ ಪುಟ್ಟದೊಂದು ಉತ್ತರ ಕೊಟ್ಟು ಮತ್ತೆ ಹಿಂದೆ ಸರಿಯುತ್ತವೆ. ಹತ್ತು ವರ್ಷ ಮುಂದೆ ನಿಂತು ನುಡಿಸಿದವರು ಇನ್ನೊಬ್ಬನ ಹಾಡು ಮುಗಿಯುವವರೆಗೆ ಕಾಯುವುದನ್ನು ಕಲಿತದ್ದು ಸಣ್ಣ ಮಾತಲ್ಲ. ಬ್ಯಾಂಡುಗಳು ಇಂಥ ಜಾಗದಲ್ಲಿಯೇ ಒಡೆದುಹೋಗುವುದು ಹೆಚ್ಚು.

ಈಗ ನೋಟ್‌ಬುಕ್ಕಿನ ಕೊನೆಯ ಕಲಮಿಗೆ ಬನ್ನಿ. ‘ಲೇಡೀಸ್ ನೈಟ್’, ಮರುವರ್ಷದ ‘ಸೆಲೆಬ್ರೇಶನ್’, 1981ರ ‘ಗೆಟ್ ಡೌನ್ ಆನ್ ಇಟ್’ ಮೂರರಲ್ಲೂ ಕೇಳುಗರ ನಾಲಗೆಗೆ ಅಂಟಿಕೊಳ್ಳುವ ಭಾಗ ಟೇಲರ್ ಒಬ್ಬರೇ ಹಾಡುವುದಲ್ಲ, ಗುಂಪಾಗಿ ಕೂಗುವುದು. ‘ಜಂಗಲ್ ಬೂಗಿ’ಯ ಕೂಗು ಒರಟುತನ ಕಳೆದುಕೊಂಡು, ಶ್ರುತಿಗೆ ಕೂತು ಇಲ್ಲಿ ಪಲ್ಲವಿಯಾಗಿದೆ. ಟೇಲರ್ ಅವರ ನಯವಾದ ದನಿ ಆ ಕೂಗಿನ ನಡುವಿನ ಚರಣಗಳನ್ನು ತುಂಬುತ್ತದೆ. ದುಡ್ಡಿಗಾಗಿ ತಮ್ಮತನ ಬಿಟ್ಟರು ಎಂದು ಫಂಕ್ ಅಭಿಮಾನಿಗಳು ಈ ಆಲ್ಬಮ್‌ಗಳನ್ನು ಹೀಗಳೆಯುವುದುಂಟು. 1973ರ ಕೂಗನ್ನೂ 1981ರ ಕೂಗನ್ನೂ ಒಂದರ ಹಿಂದೊಂದು ಕೇಳಿದವರಿಗೆ ಆ ಮಾತನ್ನು ಒಪ್ಪುವುದು ಕಷ್ಟವಾಗುತ್ತದೆ. ‘ಗೆಟ್ ಡೌನ್ ಆನ್ ಇಟ್’ ಅಂತೂ ತಗ್ಗಿನ ದನಿಯ ಗುಂಪುಗಾಯನವನ್ನು ಎಷ್ಟು ಬಿಗಿಯಾಗಿ ತಾಳಕ್ಕೆ ಕೂರಿಸುತ್ತದೆಂದರೆ, ಅದನ್ನು ಹಳೆಯ ಫಂಕ್‌ನ ಮುಂದುವರಿಕೆಯೆಂದೇ ನಾನು ತಿಳಿಯುತ್ತೇನೆ.

‘ಸೆಲೆಬ್ರೇಶನ್’ 1981ರ ಫೆಬ್ರವರಿಯಲ್ಲಿ ಅಮೆರಿಕದ ಪಟ್ಟಿಯ ಮೊದಲ ಸ್ಥಾನ ತಲುಪಿತು, ಅವರ ಪಾಲಿಗೆ ಆ ಸ್ಥಾನ ಸಿಕ್ಕಿದ್ದು ಅದೊಂದೇ ಸಲ. ಅದರ ಬೀಜ ‘ಲೇಡೀಸ್ ನೈಟ್’ ಹಾಡಿನ ಒಂದು ಸಾಲಿನಲ್ಲೇ ಇತ್ತು. ಆದಮನ ಸೃಷ್ಟಿಯ ಸಂದರ್ಭದಲ್ಲಿ ದೇವದೂತರು ಸ್ತುತಿಸುವ ಭಾಗವನ್ನು ಓದುತ್ತಿದ್ದಾಗ ಈ ಹಾಡು ಹೊಳೆಯಿತೆಂದು ರೊನಾಲ್ಡ್ ಬೆಲ್ ಹೇಳಿದ್ದರು. ರಿಸೆಪ್ಶನ್ನಿನ ಹಾಡಿಗೆ ಹೀಗೊಂದು ಮೂಲವಿದೆ ಎಂದು ಯಾರಾದರೂ ಊಹಿಸಿದ್ದರೋ ಇಲ್ಲವೋ.

1983ರ ನಂತರ

ಡಿಯೊಡಾಟೊ ಹೋದ ಮೇಲೆ ನಿರ್ಮಾಣವನ್ನು ರೊನಾಲ್ಡ್ ಬೆಲ್ ಮತ್ತು ಜಿಮ್ ಬೊನೆಫಾಂಡ್ ವಹಿಸಿಕೊಂಡರು. 1983ರ ಕೊನೆಗೆ ಬಂದ ‘ಜೊವಾನಾ’, 1985ರ ‘ಚೆರಿಶ್’ ಎರಡೂ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿದವು. ಮಾರಾಟದ ದೃಷ್ಟಿಯಿಂದ ‘ಎಮರ್ಜೆನ್ಸಿ’ ಅವರ ಅತಿ ದೊಡ್ಡ ಆಲ್ಬಮ್. ಆದರೆ ‘ಚೆರಿಶ್’ ಹಾಕಿ ಊದುವ ವಾದ್ಯಗಳ ಕಲಮನ್ನು ತುಂಬಲು ಪ್ರಯತ್ನಿಸಿದರೆ ಬರೆಯಲು ಹೆಚ್ಚೇನೂ ಸಿಗುವುದಿಲ್ಲ. ಕೀಬೋರ್ಡುಗಳು ಹಿನ್ನೆಲೆಯನ್ನೆಲ್ಲ ತುಂಬಿಕೊಂಡಿವೆ, ಟೇಲರ್ ಅವರ ದನಿ ಕಿವಿಯ ಹತ್ತಿರಕ್ಕೆ ಬಂದಿದೆ. ಹಾಡು ಚೆನ್ನಾಗಿಯೇ ಇದೆ. ನನಗೆ ಅದರಲ್ಲಿ ಗಾಯಕ ಕೇಳಿಸುತ್ತಾರೆ, ಬ್ಯಾಂಡು ಕೇಳಿಸುವುದಿಲ್ಲ. ಟೇಲರ್ 1988ರಲ್ಲಿ ಬ್ಯಾಂಡು ಬಿಟ್ಟರು. ಮುಂದಿನ ಆಲ್ಬಮ್‌ಗಳನ್ನು ಆಸಕ್ತಿಯಿದ್ದವರು ಕೇಳಬಹುದು.

ಆ ಹೊತ್ತಿಗೆ ಹಳೆಯ ದನಿ ಬೇರೆ ದಾರಿಯಿಂದ ವಾಪಸಾಗುತ್ತಿತ್ತು. ‘ಸಮರ್ ಮ್ಯಾಡ್ನೆಸ್’ನ ಭಾಗವನ್ನು ಬಳಸಿಕೊಂಡ ಡಿ.ಜೆ. ಜಾಝಿ ಜೆಫ್ ಅಂಡ್ ದ ಫ್ರೆಶ್ ಪ್ರಿನ್ಸ್ ಎಂಬ ರ‍್ಯಾಪ್ ಜೋಡಿಯ ‘ಸಮರ್‌ಟೈಮ್’ 1991ರಲ್ಲಿ ಬಂತು, 1994ರಲ್ಲಿ ‘ಪಲ್ಪ್ ಫಿಕ್ಷನ್’ ಚಿತ್ರದಲ್ಲಿ ‘ಜಂಗಲ್ ಬೂಗಿ’ ಕೇಳಿಸಿತು. ಇವುಗಳನ್ನು ಮೂಲಕ್ಕಿಂತ ಮೊದಲು ಕೇಳಬೇಡಿ, ಮೂಲದ ಉದ್ದವೂ ನಿಧಾನವೂ ಆಮೇಲೆ ರುಚಿಸದೆ ಹೋಗಬಹುದು. ರೊನಾಲ್ಡ್ ಬೆಲ್ 2020ರಲ್ಲಿ, ಡೆನಿಸ್ ಥಾಮಸ್ 2021ರಲ್ಲಿ, ಜಾರ್ಜ್ ಬ್ರೌನ್ 2023ರಲ್ಲಿ ತೀರಿಕೊಂಡರು. 2024ರಲ್ಲಿ ಬ್ಯಾಂಡು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದಾಗ ಬಾಸ್ ಹಿಡಿದ ಅಣ್ಣ ರಾಬರ್ಟ್ ಬೆಲ್ ಇದ್ದರು.

ಕೂಡಿ ಕೇಳುವುದಾದರೆ

ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿ ಚರ್ಚೆಗೆ ಕೂರಿಸಿದ ಸೀಮೆಯಿದು. ಹಾಗಾಗಿ ಜಗುಲಿಯಲ್ಲಿ ಹತ್ತು ಜನರನ್ನು ಸೇರಿಸಿ ಫಂಕ್ ಕೇಳಿಸುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಒಬ್ಬರೇ ಕೇಳುವಾಗ ಇಸವಿಯ ಅನುಕ್ರಮ ಸರಿ, ಗುಂಪಿನಲ್ಲಿ ಅದು ನಡೆಯುವುದಿಲ್ಲ. 1971ರ ಉದ್ದನೆಯ ಸ್ಯಾಕ್ಸೋಫೋನ್ ವಿಸ್ತಾರಕ್ಕೆ ಅರ್ಧ ಜನ ಮೊಬೈಲು ತೆಗೆಯುತ್ತಾರೆ. ಎಲ್ಲರಿಗೂ ಗೊತ್ತಿರುವ ‘ಸೆಲೆಬ್ರೇಶನ್’ನಿಂದ ಆರಂಭಿಸಿ, ಅದರ ಬೆನ್ನಿಗೆ ‘ಜಂಗಲ್ ಬೂಗಿ’ ಹಾಕಿ, ಎರಡರಲ್ಲೂ ಇರುವ ಸಾಮಾನ್ಯ ಅಂಶವೇನೆಂದು ಕೇಳಿ. ಗುಂಪಿನ ಕೂಗು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಮೇಲೆ 1971ಕ್ಕೆ ಹೋಗಿ ಮುಂದಕ್ಕೆ ಬನ್ನಿ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಪ್ಯಾಡ್, ಕೀಬೋರ್ಡ್ ನುಡಿಸುವವರು ಊರಿನಲ್ಲಿದ್ದರೆ ಅವರನ್ನು ತಪ್ಪದೆ ಕರೆಯಿರಿ. ‘ಓಪನ್ ಸೆಸಮಿ’ಯ ಕಿಕ್ ಡ್ರಮ್ಮಿಗೂ ‘ಫಂಕಿ ಸ್ಟಫ್’ನದಕ್ಕೂ ಇರುವ ಅಂತರವನ್ನು ಅವರು ಪ್ಯಾಡಿನ ಮೇಲೆ ಬಾರಿಸಿ ತೋರಿಸಿದರೆ ನನ್ನ ಈ ಇಡೀ ವಿವರಣೆಯ ಅಗತ್ಯವೇ ಇರುವುದಿಲ್ಲ. ಕರೆಂಟು ಹೋಗುವ ಸಾಧ್ಯತೆ ಇದ್ದೇ ಇರುತ್ತದೆ, ಆದ್ದರಿಂದ ಮ್ಯೂಸಿಕ್ ಸಿಸ್ಟಮ್ಮನ್ನು ಇನ್ವರ್ಟರಿನ ಸಾಲಿಗೆ ಸೇರಿಸಿಡಿ.

ಇದೇ ಐದು ಕಲಮುಗಳನ್ನು ಇಟ್ಟುಕೊಂಡು ಮುಂದೆ ಕಾಮೊಡೋರ್ಸ್ ಬ್ಯಾಂಡನ್ನು ಕೇಳಬಹುದು. 1974ರಲ್ಲಿ ‘ಮಶಿನ್ ಗನ್’ ಎಂಬ ವಾದ್ಯಸಂಗೀತದಿಂದ ಹೆಸರು ಮಾಡಿದ ಅವರು 1978ರ ಹೊತ್ತಿಗೆ ಲಯೊನೆಲ್ ರಿಚಿ ಹಾಡಿದ ನಿಧಾನದ ಪ್ರೇಮಗೀತೆಗಳಿಗೆ ಬಂದು ತಲುಪಿದರು. ಅಲ್ಲಿ ಗಾಯಕ ಹೊರಗಿನಿಂದ ಬಂದವರಲ್ಲ, ಕೀಬೋರ್ಡು ಮತ್ತು ಸ್ಯಾಕ್ಸೋಫೋನು ನುಡಿಸುತ್ತಿದ್ದವರೇ ಮುಂದೆ ಬಂದು ನಿಂತರು. ಆದ್ದರಿಂದ ಎರಡನೆಯ ಕಲಮಿನಲ್ಲಿ ಹಾಡಿದವರ ಹೆಸರಿನ ಜೊತೆಗೆ, ಅದೇ ಹಾಡಿನಲ್ಲಿ ಅವರು ನುಡಿಸುತ್ತಿರುವ ವಾದ್ಯ ಯಾವುದೆಂಬುದನ್ನೂ ಬರೆದುಕೊಳ್ಳಿ.